ಅಮ್ಮನ ಹೂವಿನ ಬ್ಯಾಗ್ ಮೇಲೆ ಬರೆದ ‘ಹೂವಿಟ್ಟಾನ್’, ಮಾರಿದರೆ ಕೇಸ್ ಆಗುತ್ತಾ?

ಮಲ್ಲಿಗೆಮೊಗ್ಗು:

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು, ಬಟ್ಟೆ ಮೇಲೆ ಕೈಯಲ್ಲೇ ಚಿತ್ರ ಬರೆಯುತ್ತೇನೆ. ಜಾಸ್ತಿ ಡೆನಿಮ್ ಜಾಕೆಟ್ ಮತ್ತು ಕಾಟನ್ ಬ್ಯಾಗ್. ನಮ್ಮಮ್ಮ ವಾರಕ್ಕೆ ಎರಡು ಸಲ ದೇವರಾಜ ಮಾರ್ಕೆಟ್‌ಗೆ ಹೂವು ತರಲು ಹೋಗುತ್ತಾರೆ. ಒಂದು ಸಲ ಏರ್‌ಪೋರ್ಟ್‌ನಲ್ಲಿ ಲೂಯಿ ವಿಟ್ಟಾನ್ ಅನ್ನುವ ದುಬಾರಿ ಪ್ಯಾರಿಸ್ ಕಂಪನಿಯ ಬ್ಯಾಗ್ ಹಿಡಿದವರೊಬ್ಬರನ್ನು ನೋಡಿ, ಅದರ ಬೆಲೆ ನನ್ನಿಂದ ಕೇಳಿ ತಿಳಿದು, ‘ಅದರಲ್ಲಿ ಎಷ್ಟು ಮಾರು ಹೂವು ಹಿಡಿಸುತ್ತೆ?’ ಅಂದರು. ಆ ಮಾತು ನನ್ನ ತಲೆಯಲ್ಲೇ ಉಳಿಯಿತು.

ಕಳೆದ ಯುಗಾದಿಗೆ ಅವರಿಗೊಂದು ಬ್ಯಾಗ್ ಮಾಡಿಕೊಟ್ಟೆ. ಕಂದು ಬಣ್ಣದ ದಪ್ಪ ಬಟ್ಟೆ, ಅದರ ಮೇಲೆ ಆ ಕಂಪನಿಯ ಬ್ಯಾಗ್‌ನಲ್ಲಿ ಇರುವ ಹಾಗೆ ಸಾಲುಸಾಲಾಗಿ ಚಿನ್ನದ ಬಣ್ಣದ ಗುರುತುಗಳು. ಅವರ ಹೂವಿನ ಜಾಗದಲ್ಲಿ ದುಂಡು ಮಲ್ಲಿಗೆ, ಸೇವಂತಿಗೆ, ಕನಕಾಂಬರ. ಎಲ್ ಮತ್ತು ವಿ ಹೆಣೆದುಕೊಂಡಿರುವ ಕಡೆ ಕನ್ನಡದ ‘ಹೂ’ ಮತ್ತು ‘ವಿ’. ಕೆಳಗೆ ‘ಹೂವಿಟ್ಟಾನ್’ ಅಂತ ಬರೆದೆ. ಅಮ್ಮನಿಗೆ ತುಂಬಾ ಇಷ್ಟವಾಯಿತು, ಹೂವು ಮಾರುವವರಿಗೂ. ಅದೇ ಚಿತ್ರ ಒಂದು ಜಾಕೆಟ್ ಬೆನ್ನ ಮೇಲೂ ಬರೆದು ನಾನೇ ಹಾಕಿಕೊಳ್ಳುತ್ತಿದ್ದೇನೆ.

ಈಗ ಬೆಂಗಳೂರಿನ ಒಂದು ಬಟ್ಟೆ ಅಂಗಡಿಯವರು 150 ಬ್ಯಾಗ್ ಕೇಳುತ್ತಿದ್ದಾರೆ, ಒಂದಕ್ಕೆ 650 ರೂಪಾಯಿ. ನನ್ನ ಲೇಬಲ್‌ಗೂ ಪೇಜ್‌ಗೂ ‘ಹೂವಿಟ್ಟಾನ್’ ಅಂತಲೇ ಹೆಸರಿಡೋಣ ಅಂದುಕೊಂಡಿದ್ದೆ. ಆದರೆ ನನ್ನ ಜಾಕೆಟ್ ನೋಡಿದ ಕಸಿನ್ ಒಬ್ಬ, ಇದು ಡೂಪ್ಲಿಕೇಟ್ ಮಾಲು, ಹಾಕಿಕೊಂಡರೂ ಕೇಸ್ ಆಗುತ್ತೆ ಅಂತ ಹೆದರಿಸಿದ್ದಾನೆ. ನಿಜವಾ? ಅಣಕ ಮಾಡುವುದಕ್ಕೂ ನಕಲಿ ಮಾಡುವುದಕ್ಕೂ ಕಾನೂನಿನಲ್ಲಿ ವ್ಯತ್ಯಾಸ ಇದೆಯಾ? ಗೊತ್ತಿರುವವರು ದಯವಿಟ್ಟು ಹೇಳಿ, ಅಂಗಡಿಯವರಿಗೆ ಈ ವಾರ ಉತ್ತರ ಕೊಡಬೇಕು.

ಗಾಂಧಿಬಜಾರ್ ವಕೀಲ:

ನಾನು ಟ್ರೇಡ್‌ಮಾರ್ಕ್, ಅಂದರೆ ಕಂಪನಿಗಳ ಹೆಸರು-ಗುರುತಿನ ಕೆಲಸ ಮಾಡುವ ವಕೀಲ, 11 ವರ್ಷ ಆಯಿತು. ಜಾಕೆಟ್ ವಿಷಯ ಮೊದಲು ಮುಗಿಸೋಣ. ಧೈರ್ಯವಾಗಿ ಹಾಕಿಕೊಳ್ಳಿ. ನಮ್ಮ 1999ರ ಟ್ರೇಡ್‌ಮಾರ್ಕ್ ಕಾಯ್ದೆ ನೋಡುವುದು ವ್ಯಾಪಾರದಲ್ಲಿ ಆಗುವ ಬಳಕೆಯನ್ನು. ನೀವೇ ಬರೆದು ನೀವೇ ಹಾಕಿಕೊಂಡ ಬಟ್ಟೆ ಅದರಲ್ಲಿ ಬರುವುದಿಲ್ಲ. ಇಟಲಿಯಲ್ಲಾದರೆ ನಕಲಿ ಮಾಲು ಕೊಂಡುಕೊಂಡವರಿಗೂ 7000 ಯೂರೋವರೆಗೆ ದಂಡ ಹಾಕಬಹುದು, ನಿಮ್ಮ ಕಸಿನ್ ಅಂಥದ್ದೇನೋ ಓದಿರಬೇಕು. ನಮ್ಮಲ್ಲಿ ಹಾಗಿಲ್ಲ. ಮಾರುವವರ ಕಥೆ ಮಾತ್ರ ಬೇರೆ. ನಕಲಿ ಮಾರ್ಕ್ ಹಾಕಿದವರಿಗೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ ಅಂತ ಕಾಯ್ದೆಯಲ್ಲೇ ಇದೆ.

ನಿಮ್ಮದು ನಕಲಿ ಅಲ್ಲ, ಅಣಕ. ಇದಕ್ಕೆ ಎಲ್ಲರೂ ನೆನೆಯುವ ಕೇಸ್ ಅಮೆರಿಕದ್ದು, ಅದೂ ಇದೇ ಕಂಪನಿಯದ್ದು. ಹೌಟ್ ಡಿಗ್ಗಿಟಿ ಡಾಗ್ ಅನ್ನುವ ಸಣ್ಣ ಕಂಪನಿ ನಾಯಿ ಕಚ್ಚಿ ಆಡುವ ಬ್ಯಾಗ್ ಆಕಾರದ ಆಟಿಕೆ ಮಾಡಿ ‘ಚೂಯಿ ವಿಟಾನ್’ ಅಂತ ಹೆಸರಿಟ್ಟಿತು, ಇಂಗ್ಲಿಷ್‌ನಲ್ಲಿ ‘ಚೂ’ ಅಂದರೆ ಅಗಿಯುವುದು. ಎಲ್‌ವಿ ಜಾಗದಲ್ಲಿ ಸಿವಿ. ಲೂಯಿ ವಿಟ್ಟಾನ್ ಕೇಸ್ ಹಾಕಿ ಸೋತಿತು, ಅಪೀಲಿನಲ್ಲೂ 2007ರಲ್ಲಿ ಸೋತಿತು. ಕೋರ್ಟ್ ಹೇಳಿದ್ದು ಇಷ್ಟು: ಒಳ್ಳೆಯ ಅಣಕ ಒಂದೇ ಏಟಿಗೆ ಎರಡು ಮಾತು ಹೇಳಬೇಕು. ‘ಇದು ಅದನ್ನು ನೋಡಿ ಮಾಡಿದ್ದು’ ಅಂತಲೂ ಗೊತ್ತಾಗಬೇಕು, ‘ಇದು ಅದಲ್ಲ’ ಅಂತಲೂ ಗೊತ್ತಾಗಬೇಕು. ನಾಯಿ ಹಲ್ಲು ಊರುವ ಆಟಿಕೆ ನೋಡಿ ಯಾರೂ ಪ್ಯಾರಿಸ್ ಕಂಪನಿ ಮಾಡಿದ್ದು ಅಂದುಕೊಳ್ಳುವುದಿಲ್ಲ.

ನಿಮ್ಮ ಬ್ಯಾಗ್‌ಗೆ ಬಂದರೆ ನನಗೆ ಒಂದೇ ಚಿಂತೆ. ಆ ತಮಾಷೆ ಇರುವುದು ಕನ್ನಡ ಲಿಪಿಯಲ್ಲಿ. ಕನ್ನಡ ಓದುವವರಿಗೆ ‘ಹೂವಿಟ್ಟಾನ್’ ಅಂದ ತಕ್ಷಣ ನಗು ಬರುತ್ತೆ. ಆದರೆ ಇಂಥ ಕೇಸ್‌ಗಳು ಜಾಸ್ತಿ ನಡೆಯುವುದು ದೆಹಲಿ ಹೈಕೋರ್ಟ್‌ನಲ್ಲಿ. ಲೂಯಿ ವಿಟ್ಟಾನ್ ನಕಲಿ ಮಾರುವವರ ಮೇಲೆ ಅಲ್ಲಿ ಹಲವು ಕೇಸ್ ಹಾಕಿ ಗೆದ್ದಿದೆ. ಅಲ್ಲಿ ಕನ್ನಡ ಬಾರದವರು ನಿಮ್ಮ ಬ್ಯಾಗ್ ನೋಡಿದರೆ ಏನು ಕಾಣುತ್ತೆ? ಕಂದು ಬಟ್ಟೆ, ಚಿನ್ನದ ಬಣ್ಣದ ಹೂವು, ಹೆಣೆದುಕೊಂಡ ಎರಡು ಅಕ್ಷರ. ‘ಇದು ಅದನ್ನು ನೋಡಿ ಮಾಡಿದ್ದು’ ಅನ್ನುವ ಅರ್ಧ ಮಾತ್ರ ಅವರಿಗೆ ಕೇಳಿಸುತ್ತೆ, ಇನ್ನರ್ಧ ಕೇಳಿಸುವುದೇ ಇಲ್ಲ.

ಇನ್ನೊಂದು ವಿಷಯ. ನಮ್ಮ ಕಾಯ್ದೆಯಲ್ಲಿ ಅಣಕಕ್ಕೆ ಅಂತ ಬೇರೆ ರಕ್ಷಣೆ ಬರೆದಿಲ್ಲ. 29ನೇ ಸೆಕ್ಷನ್‌ನ 4ನೇ ಭಾಗ ನೋಡಿ. ಹೆಸರು ಮಾಡಿದ ಮಾರ್ಕ್ ಆಗಿದ್ದರೆ, ನೀವು ಬೇರೆಯೇ ತರಹದ ವಸ್ತು ಮಾರಿದರೂ, ಸರಿಯಾದ ಕಾರಣ ಇಲ್ಲದೆ ಅದರ ಹೆಸರಿನ ಲಾಭ ಪಡೆಯುವಂತಿಲ್ಲ, ಅದಕ್ಕೆ ಹಾನಿಯನ್ನೂ ಮಾಡುವಂತಿಲ್ಲ. ಹಾಗಂತ ಕೋರ್ಟ್‌ಗಳಿಗೆ ಅಣಕ ಅರ್ಥವಾಗುವುದಿಲ್ಲ ಅಂತಲ್ಲ. ಒಡಿಶಾದ ಧಾಮ್ರಾ ಬಂದರಿನಿಂದ ಆಮೆಗಳಿಗೆ ತೊಂದರೆ ಅಂತ ಪರಿಸರ ಸಂಘಟನೆ ಗ್ರೀನ್‌ಪೀಸ್‌ನವರು ಟಾಟಾ ಲೋಗೋ ಹಾಕಿ ‘ಟರ್ಟಲ್ ವರ್ಸಸ್ ಟಾಟಾ’ ಅನ್ನುವ ಆಟ ಮಾಡಿದ್ದರು. ಟಾಟಾ 10 ಕೋಟಿ ರೂಪಾಯಿ ಕೇಳಿ ಕೇಸ್ ಹಾಕಿತು. 2011ರಲ್ಲಿ ದೆಹಲಿ ಹೈಕೋರ್ಟ್‌ನ ನ್ಯಾಯಮೂರ್ತಿ ರವೀಂದ್ರ ಭಟ್ ಮಧ್ಯಂತರ ತಡೆ, ಅಂದರೆ ಕೇಸ್ ಮುಗಿಯುವವರೆಗೆ ಆಟ ನಿಲ್ಲಿಸಿ ಅನ್ನುವ ಆದೇಶ, ಕೊಡಲು ಒಪ್ಪಲಿಲ್ಲ. ಆದರೆ ಗ್ರೀನ್‌ಪೀಸ್ ಅಲ್ಲಿ ಏನನ್ನೂ ಮಾರುತ್ತಿರಲಿಲ್ಲ. ನೀವು 650 ರೂಪಾಯಿಗೆ ಮಾರುತ್ತೀರಿ.

ಸ್ಕ್ರೀನ್‌ಪ್ರಿಂಟ್ ಹುಬ್ಬಳ್ಳಿ:

ಅಕ್ಕಾ, ನನ್ನ ಅನುಭವ ಹೇಳುತ್ತೇನೆ. ನನ್ನದು ಸಣ್ಣ ಪ್ರಿಂಟಿಂಗ್ ಅಂಗಡಿ. ಒಂದು ಕಾಲೇಜಿನ ಹುಡುಗರು ಫೆಸ್ಟ್‌ಗೆ ಅಂತ 300 ಟೀಶರ್ಟ್ ಆರ್ಡರ್ ಕೊಟ್ಟರು. ಒಂದು ದೊಡ್ಡ ಶೂ ಕಂಪನಿಯ ಗುರುತನ್ನೇ ಸ್ವಲ್ಪ ಬಗ್ಗಿಸಿ, ಕೆಳಗೆ ಅವರ ಹಾಸ್ಟೆಲ್ ಊಟದ ಮೇಲೆ ಒಂದು ಜೋಕ್ ಇತ್ತು. ಚೆನ್ನಾಗಿಯೇ ಇತ್ತು. ಫೆಸ್ಟ್ ಮುಗಿದ ಮೇಲೆ ಉಳಿದವನ್ನು ನಾನು ಅಂಗಡಿಯಲ್ಲಿ ನೇತುಹಾಕಿ ಫೋಟೋ ಹಾಕಿದೆ. ತಿಂಗಳೊಳಗೆ ಲೀಗಲ್ ನೋಟಿಸ್ ಬಂತು, 9 ಪುಟ, ಪೂರಾ ಇಂಗ್ಲಿಷ್.

ಡಿಸೈನ್ ನನ್ನದಲ್ಲ, ನಾನು ಬರೀ ಪ್ರಿಂಟ್ ಮಾಡಿದವನು ಅಂದೆ. ಅದು ನಡೆಯಲಿಲ್ಲ. ಉಳಿದ ಟೀಶರ್ಟ್, ಆ ಡಿಸೈನ್‌ನ ಫ್ರೇಮ್ ಎಲ್ಲ ಒಪ್ಪಿಸಿ, ಇನ್ನು ಮುಂದೆ ಮಾಡುವುದಿಲ್ಲ ಅಂತ ಮುಚ್ಚಳಿಕೆ ಬರೆದುಕೊಟ್ಟೆ. ಕೋರ್ಟ್‌ಗೆ ಹೋಗಿದ್ದರೆ ಗೆಲ್ಲುತ್ತಿದ್ದೆನೋ ಏನೋ, ಆದರೆ ದೆಹಲಿಗೆ ಓಡಾಡಲು, ವಕೀಲರಿಗೆ ಕೊಡಲು ನನ್ನ ಹತ್ತಿರ ದುಡ್ಡು ಎಲ್ಲಿತ್ತು? ಎರಡು ತಿಂಗಳು ಸರಿಯಾಗಿ ನಿದ್ದೆ ಬರಲಿಲ್ಲ, ನಿಜ ಹೇಳುತ್ತೇನೆ.

ಆದ್ದರಿಂದ ಒಮ್ಮೆಲೇ 150 ಹೊಲಿಸಬೇಡಿ. ನೋಟಿಸ್ ಬಂದರೆ ಮಾಲಿನ ಜವಾಬ್ದಾರಿ ಯಾರದು ಅಂತ ಅಂಗಡಿಯವರ ಹತ್ತಿರ ಬರೆಸಿಕೊಳ್ಳಿ. ಅವರು ಬರೆದುಕೊಡಲು ಹಿಂದೆಮುಂದೆ ನೋಡಿದರೆ ಅದೇ ನಿಮಗೆ ಉತ್ತರ.

ಹಾಸನದಿಂದ ಜರ್ಸಿಗೆ:

ಎಲ್ಲರೂ ಹೆದರಿಸುತ್ತಿದ್ದೀರಿ, ನಾನು ಸ್ವಲ್ಪ ಈ ಕಡೆ ಮಾತಾಡುತ್ತೇನೆ. ನಾನಿರುವ ಕಡೆಯಿಂದ ನ್ಯೂಯಾರ್ಕ್‌ನ ಹಾರ್ಲೆಮ್ ದೂರ ಇಲ್ಲ. ಅಲ್ಲಿ ಡ್ಯಾಪರ್ ಡ್ಯಾನ್ ಅಂತ ಒಬ್ಬರು 1982ರಲ್ಲಿ 125ನೇ ಬೀದಿಯಲ್ಲಿ ಅಂಗಡಿ ತೆರೆದರು. ಗುಚ್ಚಿ, ಲೂಯಿ ವಿಟ್ಟಾನ್, ಫೆಂಡಿ ಲೋಗೋಗಳನ್ನು ಚರ್ಮದ ಮೇಲೆ ತಾವೇ ಪ್ರಿಂಟ್ ಮಾಡಿ, ಆ ಕಂಪನಿಗಳು ಕನಸಲ್ಲೂ ಯೋಚಿಸದ ದೊಡ್ಡ ತೋಳಿನ ಜಾಕೆಟ್, ಕಾರಿನ ಸೀಟು ಎಲ್ಲ ಹೊಲಿದರು. ಹಾಡುಗಾರರು, ಬಾಕ್ಸಿಂಗ್‌ನ ಮೈಕ್ ಟೈಸನ್, ಎಲ್ಲ ಅವರ ಗಿರಾಕಿಗಳು. ಫೆಂಡಿ ಬೆನ್ನುಹತ್ತಿ ರೇಡ್ ಮಾಡಿಸಿತು, 1992ರಲ್ಲಿ ಅಂಗಡಿ ಮುಚ್ಚಿತು. ಆಗ ಫೆಂಡಿ ಪರ ಕೆಲಸ ಮಾಡಿದ ವಕೀಲೆ ಸೋನಿಯಾ ಸೊಟೊಮಯೋರ್, ಈಗ ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ.

ಮುಂದೆ ಏನಾಯಿತು ಗೊತ್ತಾ? 2017ರಲ್ಲಿ ಗುಚ್ಚಿ ತನ್ನ ಶೋನಲ್ಲಿ ಒಂದು ಜಾಕೆಟ್ ತೋರಿಸಿತು. ಅದು ಡ್ಯಾನ್ 1989ರಲ್ಲಿ ಓಟಗಾರ್ತಿ ಡಯೇನ್ ಡಿಕ್ಸನ್‌ಗೆ ಹೊಲಿದುಕೊಟ್ಟ ಜಾಕೆಟ್‌ನ ತದ್ರೂಪು, ಲೋಗೋ ಮಾತ್ರ ಬೇರೆ. ಜನ ಸುಮ್ಮನಿರಲಿಲ್ಲ. ಕೊನೆಗೆ ಗುಚ್ಚಿ ಅವರ ಜೊತೆಯೇ ಕೈಜೋಡಿಸಿ 2018ರಲ್ಲಿ ಹಾರ್ಲೆಮ್‌ನಲ್ಲಿ ಅವರಿಗೆ ಹೊಸ ಅಂಗಡಿ ಮಾಡಿಕೊಟ್ಟಿತು.

ದಕ್ಷಿಣ ಆಫ್ರಿಕಾದಲ್ಲಂತೂ ಟೀಶರ್ಟ್‌ನದೇ ಕೇಸ್ ಇದೆ. ‘ಬ್ಲ್ಯಾಕ್ ಲೇಬಲ್’ ಬಿಯರ್ ಚೀಟಿಯ ಹಾಗೇ ಬರೆದು ‘ಬ್ಲ್ಯಾಕ್ ಲೇಬರ್, ವೈಟ್ ಗಿಲ್ಟ್’ ಅಂತ ಮಾಡಿದರು. ಕರಿಯರ ದುಡಿಮೆ, ಬಿಳಿಯರ ಪಾಪಪ್ರಜ್ಞೆ. ಕೆಳಗಿನ ಎರಡು ಕೋರ್ಟ್‌ಗಳಲ್ಲಿ ಸೋತರು. 2005ರಲ್ಲಿ ಅಲ್ಲಿನ ಸಂವಿಧಾನ ಕೋರ್ಟ್, ಬಿಯರ್ ಕಂಪನಿಗೆ ವ್ಯಾಪಾರದಲ್ಲಿ ನಷ್ಟವಾಗುತ್ತದೆ ಅನ್ನುವುದಕ್ಕೆ ಪುರಾವೆಯೇ ಇಲ್ಲ ಅಂತ ಟೀಶರ್ಟ್‌ನವರ ಪರ ತೀರ್ಪು ಕೊಟ್ಟಿತು. ನೆನಪಿಡಿ, ಅವರೂ ದುಡ್ಡಿಗೇ ಮಾರುತ್ತಿದ್ದದ್ದು. ಹೂವು ತರುವ ಬ್ಯಾಗ್‌ನಿಂದ ಲಕ್ಷಾಂತರ ರೂಪಾಯಿ ಬ್ಯಾಗ್‌ನ ವ್ಯಾಪಾರ ಎಲ್ಲಿ ಕೆಡುತ್ತದೆ? ಮಾಡಿ ತಂಗಿ, ನನಗೊಂದು ಜಾಕೆಟ್ ಎತ್ತಿಡಿ.

ಗಾಂಧಿಬಜಾರ್ ವಕೀಲ:

ಡ್ಯಾನ್ ಕಥೆ ನನಗೂ ತುಂಬಾ ಇಷ್ಟ. ಆದರೆ 1992ರಿಂದ 2017ರವರೆಗೆ ಲೆಕ್ಕ ಹಾಕಿ, 25 ವರ್ಷ. ಅಷ್ಟು ಕಾಲ ಅವರಿಗೆ ಬೀದಿಗೆ ತೆರೆದ ಅಂಗಡಿಯೇ ಇರಲಿಲ್ಲ. ಇನ್ನೊಂದು, ಅವರು ಹಾಕಿದ್ದು ಅಸಲಿ ಲೋಗೋ, ಅಣಕ ಅಲ್ಲ. ಮೊಗ್ಗು ಅವರ ಸ್ಥಾನ ಡ್ಯಾನ್‌ಗಿಂತ ಗಟ್ಟಿ. ಟೀಶರ್ಟ್ ಕೇಸ್ ಬಗ್ಗೆ ನೀವು ಹೇಳಿದ್ದು ಸರಿ, ದೊಡ್ಡ ತೀರ್ಪು ಅದು. ಆದರೂ ಆ ಹುಡುಗರು ‘ಬ್ಲ್ಯಾಕ್ ಲೇಬರ್’ ಅನ್ನುವುದನ್ನು ತಮ್ಮ ಕಂಪನಿಯ ಹೆಸರು ಮಾಡಿಕೊಂಡಿರಲಿಲ್ಲ. ಅವರ ಕಂಪನಿಗೆ ‘ಲಾಫ್ ಇಟ್ ಆಫ್’ ಅಂತ ಬೇರೆ ಹೆಸರಿತ್ತು.

ಮೊಗ್ಗು ಅವರೇ, ನಾನು ಬೇಡ ಅನ್ನುವುದು ನಿಮ್ಮ ಲೇಬಲ್ ಹೆಸರನ್ನು. 2023ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಜ್ಯಾಕ್ ಡೇನಿಯಲ್ಸ್ ವಿಸ್ಕಿ ಬಾಟಲಿ ಆಕಾರದಲ್ಲಿ ‘ಬ್ಯಾಡ್ ಸ್ಪ್ಯಾನಿಯಲ್ಸ್’ ಅನ್ನುವ ನಾಯಿ ಆಟಿಕೆ ಬಂದಿತ್ತು. ಒಂಬತ್ತೂ ನ್ಯಾಯಮೂರ್ತಿಗಳು ಒಂದೇ ಮಾತು: ಅಣಕದ ಹೆಸರನ್ನೇ ನಿಮ್ಮ ಮಾಲಿನ ಗುರುತಾಗಿ ಇಟ್ಟುಕೊಂಡರೆ ಕಲೆ ಅನ್ನುವ ವಿಶೇಷ ರಕ್ಷಣೆ ಸಿಗುವುದಿಲ್ಲ, ಎಲ್ಲ ವ್ಯಾಪಾರಿಗಳಿಗೂ ಹಾಕುವ ಅಳತೆಗೋಲೇ ನಿಮಗೂ. ಅದೇ ವರ್ಷ ಡಿಸೆಂಬರ್‌ನಲ್ಲಿ ವ್ಯಾನ್ಸ್ ಶೂವನ್ನು ಅಲೆಅಲೆಯಾಗಿ ಬಾಗಿಸಿದ ‘ವೇವಿ ಬೇಬಿ’ ಶೂಗೆ ಹಾಕಿದ್ದ ತಡೆಯನ್ನೂ ಅಪೀಲು ಕೋರ್ಟ್ ಎತ್ತಿಹಿಡಿಯಿತು. ಒಂದು ಗಂಟೆಯಲ್ಲಿ 4306 ಜೊತೆ ಮಾರಾಟವಾದ ಶೂ ಅದು. ನಮ್ಮ ಕೋರ್ಟ್‌ಗಳು ಅವರ ತೀರ್ಪಿಗೆ ಕಟ್ಟುಬಿದ್ದಿಲ್ಲ, ಆದರೆ ಎದುರಿನ ವಕೀಲರು ಅದನ್ನು ಓದಿಯೇ ಓದುತ್ತಾರೆ.

ನಿಮಗೆ ಮಾದರಿ ಬೇಕಾದರೆ ‘ಮೈ ಅದರ್ ಬ್ಯಾಗ್’ ಅನ್ನುವ ಕಂಪನಿ ನೋಡಿ. ಕ್ಯಾನ್ವಾಸ್ ಬ್ಯಾಗ್‌ನ ಒಂದು ಕಡೆ ದುಬಾರಿ ಬ್ಯಾಗ್‌ನ ಚಿತ್ರ, ಇನ್ನೊಂದು ಕಡೆ ‘ನನ್ನ ಇನ್ನೊಂದು ಬ್ಯಾಗ್’ ಅನ್ನುವ ಮಾತು. ಅವರ ಮೇಲೂ ಲೂಯಿ ವಿಟ್ಟಾನ್ ಕೇಸ್ ಹಾಕಿತು. ನ್ಯೂಯಾರ್ಕ್ ಕೋರ್ಟ್ 2016ರಲ್ಲಿ ಅದನ್ನು ವಜಾ ಮಾಡಿತು. ನ್ಯಾಯಾಧೀಶರು ಕೆಲವು ಸಲ ಕೇಸ್ ಹಾಕುವುದಕ್ಕಿಂತ ನಕ್ಕು ಸುಮ್ಮನಾಗುವುದೇ ಒಳ್ಳೆಯದು ಅಂತ ಕಂಪನಿಗೇ ಹೇಳಿದರು. ಅಪೀಲಿನಲ್ಲೂ ಅದೇ ತೀರ್ಪು ನಿಂತಿತು. ಅಲ್ಲಿ ಮಾತು ಮತ್ತು ಚಿತ್ರ ಎರಡೂ ಸೇರಿ ಕೆಲಸ ಮಾಡಿದವು.

ನಿಮ್ಮ ಅಮ್ಮ ಕೇಳಿದ ಪ್ರಶ್ನೆ ಇದೆಯಲ್ಲ, ಅದನ್ನೇ ಬ್ಯಾಗ್‌ನ ಇನ್ನೊಂದು ಕಡೆ ದೊಡ್ಡದಾಗಿ ಬರೆಯಿರಿ, ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ. ಕಂದು ಬಣ್ಣ ಬಿಡಿ. ಹೆಣೆದ ಅಕ್ಷರ ತೆಗೆಯಿರಿ. ಸೇವಂತಿಗೆ ಸೇವಂತಿಗೆಯ ಹಾಗೇ, ಹಳದಿಯಾಗಿ, ತುಂಬಿಕೊಂಡಿರಲಿ. ಹಾಗೆ ಮಾಡಿದರೆ ನೋಟಿಸ್ ಬರುವುದೇ ಇಲ್ಲ ಅಂತ ನಾನು ಮಾತು ಕೊಡುವುದಿಲ್ಲ. ಬಂದರೆ ಉತ್ತರ ಬರೆಯಲು ನನ್ನಂಥವರಿಗೆ ಒಂದು ಆಧಾರ ಇರುತ್ತೆ.

ಮಲ್ಲಿಗೆಮೊಗ್ಗು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹುಬ್ಬಳ್ಳಿ ಅಣ್ಣಾ, ನಿಮಗೆ ಆದದ್ದು ಓದಿ ಬೇಜಾರಾಯಿತು. ಅಂಗಡಿಯವರಿಗೆ ಫೋನ್ ಮಾಡಿ ಕೇಳಿದೆ, ಬರೆದುಕೊಡುವುದಿಲ್ಲ ಅಂದರು. ಹಾಗಾಗಿ 150 ಇಲ್ಲ. 20 ಬ್ಯಾಗ್ ನಾನೇ ಕೈಯಲ್ಲಿ ಬರೆದು ನಾನೇ ಮಾರುತ್ತೇನೆ. ನಿನ್ನೆ ರಾತ್ರಿ ಹೊಸ ಮಾದರಿ ಮಾಡಿದೆ. ಬಿಳಿ ಬಟ್ಟೆ, ಹಸಿರು ನಾರಿನಲ್ಲಿ ಕಟ್ಟಿದ ಮಾಲೆ ಓರೆಯಾಗಿ ಹರಿಯುತ್ತೆ, ಹಿಂದೆ ಅಮ್ಮನ ಮಾತು. ಅಮ್ಮ ನೋಡಿ, ‘ನಾನು ಹೇಳಿದ್ದು ಅಂತ ಗೊತ್ತಾಗಬೇಕಲ್ವಾ, ನನ್ನ ಹೆಸರೂ ಹಾಕು’ ಅಂದರು. ಅವರ ಹೆಸರು ಒಂದು ಹೂವಿನದೇ, ಅದನ್ನೇ ಲೇಬಲ್‌ಗೆ ಇಟ್ಟುಕೊಳ್ಳುತ್ತೇನೆ. ಹಳೆಯ ಕಂದು ಬ್ಯಾಗ್ ಮಾತ್ರ ಕೊಡುವುದಿಲ್ಲ ಅಂತ ಹಟ ಹಿಡಿದಿದ್ದಾರೆ. ಅದನ್ನು ಮಾರ್ಕೆಟ್‌ಗೆ ಒಯ್ಯಬಹುದು ತಾನೇ? ಹೊಸ ಹೆಸರನ್ನು ರಿಜಿಸ್ಟರ್ ಮಾಡಿಸಲು ಎಷ್ಟು ಖರ್ಚಾಗುತ್ತೆ ಸರ್?

ಗಾಂಧಿಬಜಾರ್ ವಕೀಲ:

ಧಾರಾಳವಾಗಿ ಒಯ್ಯಲಿ. ರಿಜಿಸ್ಟರ್ ಮಾಡುವಾಗ ಮಾಲುಗಳನ್ನು ಕ್ಲಾಸ್‌ಗಳಾಗಿ ವಿಂಗಡಿಸುತ್ತಾರೆ: ಬ್ಯಾಗ್ 18ನೇ ಕ್ಲಾಸ್, ಜಾಕೆಟ್ 25ನೇ ಕ್ಲಾಸ್. ಆನ್‌ಲೈನ್‌ನಲ್ಲಿ ನಿಮ್ಮ ಹೆಸರಲ್ಲೇ ಅರ್ಜಿ ಹಾಕಿದರೆ ಒಂದು ಕ್ಲಾಸ್‌ಗೆ 4500 ರೂಪಾಯಿ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ. ಹಾಕುವ ಮುಂಚೆ ಅದೇ ಹೆಸರು ಬೇರೆಯವರು ತೆಗೆದುಕೊಂಡಿದ್ದಾರಾ ಅಂತ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಸೈಟ್‌ನಲ್ಲಿ ಹುಡುಕಿ, ಅದಕ್ಕೆ ದುಡ್ಡಿಲ್ಲ. ಹೂವಿನ ಹೆಸರುಗಳು ಬೇಗ ಖಾಲಿಯಾಗುತ್ತವೆ, ಅಮ್ಮನ ಪೂರ್ತಿ ಹೆಸರಲ್ಲೂ ಒಮ್ಮೆ ಹುಡುಕಿ ನೋಡಿ.