ಹೊಸಾ ರೇಡಿಯೇಟರ್ ಹಾಕ್ಸಿದ್ರೂ ಗಾಡಿ ಹೀಟ್ ಆಗಾಕತ್ತೈತಿ, ಯಾರರೆ ದಾರಿ ಹೇಳ್ರಿ

ನವನಗರ_ಡೀಸೆಲ್ (ಬಾಗಲಕೋಟೆ)
ಸಾಕಾಗಿ ಹೋಗೇತ್ರಿ. ರೇಡಿಯೇಟರ್ ಹೊಸಾದ ಹಾಕ್ಸಿ ಹದಿನೈದ ದಿನ ಆತು, 4,800 ಕೊಟ್ಟೀನಿ, ಆದ್ರೂ ಹೀಟ್ ತೋರ್ಸೂ ಮುಳ್ಳು ಮ್ಯಾಲ ಏರೂದ ನಿಂತಿಲ್ಲ. ನಿನ್ನೆ ಮನಿ ಮಂದಿನ್ನ ಕರ್ಕೊಂಡ ವಿಜಯಪುರಕ್ಕ ಹೊಂಟಿದ್ದೆ, ಕೊಲ್ಹಾರ ಬ್ರಿಜ್ ದಾಟೂದ್ರಾಗ ಕೆಂಪ ಗೆರಿ ಮುಟ್ಟಿತು, ಸೈಡಿಗೆ ಹಚ್ಚಿ ಅರ್ಧಾ ತಾಸ ಬಿಸಲಾಗ ನಿಂತ್ವಿ, ಸಣ್ಣ ಹುಡುಗ ಒಂದ ಸವನ ಅಳಾಕತ್ತಿದ್ದ. ಕೂಲಂಟ್ ಫುಲ್ ಐತಿ, ಒಂದ ಹನಿ ಲೀಕ್ ಇಲ್ಲ, ಫ್ಯಾನ್ ತಿರಗತೈತಿ. ಎಸಿನೂ ಮೊದಲಿನಂಗ ತಂಪ ಕೊಡವಲ್ದು, ಅದು ಗ್ಯಾಸ್ ಕಮ್ಮಿ ಆಗಿರಬೇಕು, ಆಮ್ಯಾಲ ನೋಡೂಣು. ಇನ್ನೇನ ಉಳದೈತ್ರಿ ಬದಲಿ ಮಾಡಾಕ?

ಉದ್ಯಮಬಾಗ_66 (ಬೆಳಗಾವಿ)
ಗಾಡಿ ಯಾವ್ದು, ಪೆಟ್ರೋಲೋ ಡೀಸೆಲ್ಲೋ, ಎಷ್ಟ ಓಡೇತಿ, ಅದ ಬರದಿಲ್ಲಲ್ರಿ ಸರ. ಬರೀದಿದ್ರೂ ಹೇಳ್ತೀನಿ, ಥರ್ಮೋಸ್ಟಾಟ್, ಅಂದ್ರ ಎಂಜಿನ್ ಬಿಸಿ ಆದ ಮ್ಯಾಲ ರೇಡಿಯೇಟರ್‌ಗೆ ನೀರ ಬಿಡೂ ವಾಲ್ವ್. 82 ಇಲ್ಲಾ 88 ಡಿಗ್ರಿಗೆ ತೆರಿಬೇಕಾದ್ದು ತೆರಿಯವಲ್ದು. ಮ್ಯಾಲಿನ ಹೋಸ್ ಸುಡತಿದ್ದು ಕೆಳಗಿನ ಹೋಸ್ ತಣ್ಣಗ ಇತ್ತಂದ್ರ ನೀರ ತಿರಗವಲ್ದು ಅಂತ ತಿಳ್ಕೋರಿ. ಕೈ ಹಚ್ಚಿ ನೋಡಿ ಹೇಳ್ರಿ.

ನವನಗರ_ಡೀಸೆಲ್
2011ರ ಡೀಸೆಲ್ ಹ್ಯಾಚ್‌ಬ್ಯಾಕ್ ರಿ, 1.3 ಎಂಜಿನ್, 1,42,000 ಓಡೇತಿ. ಹೋಸ್ ಎರಡೂ ಬಿಸಿ ಅದಾವು. ಥರ್ಮೋಸ್ಟಾಟ್ ಮೆಕ್ಯಾನಿಕ್ ಮೊದಲ ತಗದ ಹಾಕ್ಯಾರ, ಅದಿಲ್ದನ ಓಡಸಾಕತ್ತೀನಿ.

ಉದ್ಯಮಬಾಗ_66
ಇದೇನ್ರಿ ಇದು, ಇದನ್ನ ಮೊದ್ಲ ಹೇಳ್ಬಾರ್ದಾ. ಕೆಲವು ಎಂಜಿನ್‌ನ್ಯಾಗ ಥರ್ಮೋಸ್ಟಾಟ್ ತೆರದಾಗ ಬೈಪಾಸ್ ದಾರಿನೂ (ರೇಡಿಯೇಟರ್‌ಗೆ ಹೋಗದ ನೀರ ಎಂಜಿನ್‌ನ್ಯಾಗ ತಿರಗೂ ದಾರಿ) ತಾನ ಮುಚ್ಚತೈತಿ, ಅದನ್ನ ಕಿತ್ತ ಒಗದ್ರ ಅರ್ಧಾ ನೀರ ರೇಡಿಯೇಟರ್‌ಗೆ ಹೋಗೂದ ಇಲ್ಲ. ಅದಕ್ಕ ಹೀಟ್. ಹೊಸಾದ ಹಾಕ್ಸ್ರಿ, ಮುಗೀತು.

ಮುಧೋಳ_ಕಾಕಾ
ತಮ್ಮಾ, ನಮ್ಮ ಹಳೇ ಜೀಪಿಗೆ ಇಪ್ಪತ್ತ ವರ್ಷ ಥರ್ಮೋಸ್ಟಾಟ್ ಇದ್ದಿಲ್ಲ, ಒಂದ ದಿನ ಹೀಟ್ ಆಗಿಲ್ಲ. ಅದರ ರೇಡಿಯೇಟರ್ ತಾಮ್ರ-ಹಿತ್ತಾಳಿದು, ಕಟ್ಟಿತಂದ್ರ ಟ್ಯಾಂಕ್ ಬಿಚ್ಚಿ ಸಳಿ ಹಾಕಿ ಕೆರದು ಮತ್ತ ಬೆಸಗಿ ಹಾಕಿ ಕೊಡ್ತಿದ್ರು. ಈಗಿನ ಅಲ್ಯುಮಿನಿಯಂ ಕೋರು, ಪ್ಲಾಸ್ಟಿಕ್ ಟ್ಯಾಂಕು ಸೀಳಿದ್ರ ಒಗಿಯೂದ ದಾರಿ. ಏನ ನೀರ ಹಾಕೀರಿ, ಬೋರಿಂದಾ?

ಗುಮ್ಮಟ_ರೈಡರ್ (ವಿಜಯಪುರ)
ಕಾಕಾ, ಜೀಪಿನ ಮಾತ ಬ್ಯಾರೆ. ಆದ್ರ ನೀರಿಂದು ಖರೆ ಅದ. ನಮ್ಮ ಕಡಿ ಬೋರ್ ನೀರ ಕುದಿಸಿದ ಪಾತೇಲಿ ತಳದಾಗ ಬೆಳ್ಳನ ಪದರ ಕೂಡತದ, ಎಂಜಿನ್ ಒಳಗೂ ಅದ ಕೂಡೂದು. ಡಿಸ್ಟಿಲ್ಡ್ ವಾಟರ್, ಕೂಲಂಟ್, ಅರ್ಧಕ್ಕರ್ಧ ಹಾಕ್ರಿ. ಬಣ್ಣ ನೋಡಿ ತಗೋಬ್ಯಾಡ್ರಿ, ಹಸಿರು ಕೆಂಪು ಅನ್ನೂದು ಬರೇ ಬಣ್ಣ, ಡಬ್ಬಿ ಮ್ಯಾಲಿನ ಸ್ಪೆಕ್ ಓದ್ರಿ.

ಮುಧೋಳ_ಕಾಕಾ
ನಾ ಹುಟ್ಟಿದಾಗಿಂದ ಬಾವಿ ನೀರ ಹಾಕೇ ಟ್ರ್ಯಾಕ್ಟರ್ ಓಡಸೀವಿ. ಡಬ್ಬಿ ನೀರ ಮಾರಾವ್ರಿಗೆ ಲಾಭ.

ಗುಮ್ಮಟ_ರೈಡರ್
ಟ್ರ್ಯಾಕ್ಟರ್ ರೇಡಿಯೇಟರ್ ಎಷ್ಟ ಸಲ ಕೆರಸೀರಿ ಅದನ್ನೂ ಹೇಳ್ರಿ ಕಾಕಾ.

ನವನಗರ_ಡೀಸೆಲ್
ದಯಮಾಡಿ ನನ್ನ ಗಾಡಿ ಬಗ್ಗೆ ಹೇಳ್ರಿ. ಡಬ್ಬಿ ಕೂಲಂಟ್ ಹಾಕೀನಿ. ನಿನ್ನೆ ಕೊಲ್ಹಾರದಾಗ ಅರ್ಧಾ ತಾಸ ಬಿಟ್ಟು ಅರಬಿ ಹಿಡದ ಕ್ಯಾಪ್ ತಿರವಿದೆ, ಬುಸ್ ಅಂತ ಉಗಿ ಮುಂಗೈಗೆ ಬಡೀತು, ಬೊಕ್ಕಿ ಎದ್ದೈತಿ.

ಇಳಕಲ್_ರೋಡ್
ಅಣ್ಣಾ, ಇನ್ನೊಮ್ಮೆ ಹಂಗ ಮಾಡಬ್ಯಾಡ. ಸುಮಾರ 1 ಬಾರ್ ಒತ್ತಡ ತಡಿಯೂ ಕ್ಯಾಪ್ ಇದ್ರ ಒಳಗ ಬರೇ ನೀರಿದ್ರೂ 120 ಡಿಗ್ರಿ ತನಕ ಕುದಿಯಂಗಿಲ್ಲ, ಕ್ಯಾಪ್ ತೆಗದ ಕೂಡ್ಲೆ ಒತ್ತಡ ಬಿಟ್ಟು ಒಮ್ಮೆಲೆ ಕುದ್ದು ಉಗಿ, ಸುಡೂ ನೀರ ಮಾರಿಗೆ ಹಾರತೈತಿ. ಮ್ಯಾಲಿನ ಹೋಸ್ ಕೈಯಿಂದ ಅವುಚಿದ್ರ ಮೆತ್ತಗ ಆಗೂ ತನಕ ಮುಟ್ಟಬ್ಯಾಡ. ಮತ್ತ ಇದೊಂದ ಹೇಳು, ಎಸಿ ಆಫ್ ಮಾಡಿ ಓಡ್ಸಿದ್ರೂ ಹೀಟ್ ಆಗತೈತೇನು?

ನವನಗರ_ಡೀಸೆಲ್
ಇಲ್ಲ. ಎಸಿ ಇಲ್ದ ಹೋದ್ರ ಮುಳ್ಳು ಅರ್ಧಕ್ಕ ನಿಲ್ಲತೈತಿ.

ಉದ್ಯಮಬಾಗ_66
ಎಸಿ ಹಾಕಿದ್ರ ಎಂಜಿನ್‌ಗೆ ಲೋಡ್ ಬೀಳತೈತಿ, ಥರ್ಮೋಸ್ಟಾಟ್ ಇಲ್ದಿದ್ರ ಅದು ತಡೀಯಂಗಿಲ್ಲ. ನಾ ಹೇಳಿದ್ದ ಬರೋಬರ್ ಐತಿ. ನಮ್ಮ ಗಾಡಿ ಐದ ಮಂದಿ ಕೂಡ್ಸಿ ಫುಲ್ ಎಸಿ ಹಾಕಿ ಚೋರ್ಲಾ ಘಾಟ ಹತ್ತತೈತಿ, ಮುಳ್ಳು ಅಲುಗಾಡಂಗಿಲ್ಲ, ಓರಿಜಿನಲ್ ಥರ್ಮೋಸ್ಟಾಟ್, ವರ್ಷಾ ವರ್ಷಾ ಹೋಸ್ ಕ್ಲಿಪ್ ನಾನ ಟೈಟ್ ಮಾಡ್ತೀನಿ.

ಇಳಕಲ್_ರೋಡ್
ಸರ ಒಂದ ನಿಮಿಷ. ಅಣ್ಣಾ, ಫ್ಯಾನ್ ತಿರಗತೈತಿ ಅಂದಿ, ಯಾವ ದಿಕ್ಕಿಗೆ ತಿರಗತೈತಿ? ಫ್ಯಾನಿಗೆ ಯಾವಾಗರೆ ಕೈ ಹಚ್ಸೀಯೇನು?

ನವನಗರ_ಡೀಸೆಲ್
ಹೂಂ, ರೇಡಿಯೇಟರ್‌ಕಿಂತ ಮೊದ್ಲ, ಮಾರ್ಚ್‌ದಾಗ ಫ್ಯಾನ್ ಮೋಟಾರ್ ಸುಟ್ಟಿತ್ತು, ಬದಲಿ ಮಾಡ್ಸಿದೆ. ಅದು ಸರಿ ಆಗಿದ್ದಕ್ಕ ಬರೀಲಿಲ್ಲ.

ಇಳಕಲ್_ರೋಡ್
ಎಂಜಿನ್ ಚಾಲೂ ಮಾಡಿ ಎಸಿ ಹಾಕು. ಬಾನೆಟ್ ಮುಚ್ಚಿ, ಪೇಪರ್‌ದ ಒಂದ ಹಾಳಿ ಮುಂದಿನ ಗ್ರಿಲ್‌ಗೆ ಹಿಡಿ. ನಿಮ್ಮ ಗಾಡ್ಯಾಗ ಫ್ಯಾನ್ ರೇಡಿಯೇಟರ್ ಹಿಂದ ಇರತೈತಿ, ಗಾಳಿ ಒಳಗ ಎಳೀಬೇಕು, ಹಾಳಿ ಜಾಳಗಿಗೆ ಅಂಟಬೇಕು. ಮೋಟಾರ್ ವೈರ್ ಅದಲು ಬದಲು ಆಗಿದ್ರ ಉಲ್ಟಾ ತಿರಗತೈತಿ, ಎಂಜಿನ್ ಕಡಿ ಬಿಸಿ ಗಾಳಿ ಮುಂದಕ್ಕ ಉಗಳತೈತಿ, ಹೈವೇದಾಗ ಎದುರಿಂದ ಬರೂ ಗಾಳಿನೂ ತಡೀತೈತಿ. ರೇಡಿಯೇಟರ್ ಮುಂದನ ಎಸಿ ಕಂಡೆನ್ಸರ್ (ಎಸಿ ಬಿಸಿ ಹೊರಗ ಬಿಡೂ ಜಾಳಗಿ) ಇರೂದ್ರಿಂದ ಎಸಿ ತಂಪೂ ಕಡಿಮಿ ಆಗತೈತಿ. ನಿನ್ನ ಎರಡೂ ತಕರಾರು ಒಂದ ಇರಬೇಕು ಅನ್ಸತೈತಿ.

ಗುಮ್ಮಟ_ರೈಡರ್
ಇದು ನನಗ ಹೊಳೀಲೇ ಇಲ್ಲ. ಅಣ್ಣಾ ಮಾಡಿ ಹೇಳ್ರಿ.

ನವನಗರ_ಡೀಸೆಲ್
ಹಾಳಿ ನಿಲ್ಲಲಿಲ್ರಿ. ಗ್ರಿಲ್‌ಗೆ ಹಿಡದ ಕೂಡ್ಲೆ ಕೈಯಾಗಿಂದ ಹಿಂದಕ್ಕ ಹಾರಿತು, ಎರಡ ಸಲ ಮಾಡಿದೆ, ಎರಡೂ ಸಲ ಮಾರಿಗೆ ಬಿಸಿ ಗಾಳಿ ಬಡೀತು. ಎಂಜಿನ್ ಬಂದ್ ಮಾಡಿ, ಬ್ಯಾಟರಿ ವೈರ್ ತಗದು ಒಳಗ ನೋಡಿದೆ. ಹೊಸಾ ಮೋಟಾರ್ ಪ್ಲಗ್ ಕೂಡಿಲ್ಲ ಅಂತ ಅದನ್ನ ಕತ್ತರ್ಸಿ ವೈರಿಗೆ ವೈರ್ ಹೊಸದಾರ, ಕೆಂಪಿಗೆ ಕರೇದು, ಕರೇದಕ್ಕ ಕೆಂಪು, ಮ್ಯಾಲ ಟೇಪ್ ಸುತ್ಯಾರ. ವೈರ್ ಸರಿ ಮಾಡ್ಸಿದೆ, ಈಗ ಹಾಳಿ ಗ್ರಿಲ್‌ಗೆ ಅಂಟಿ ನಿಲ್ಲತೈತಿ.

ನವನಗರ_ಡೀಸೆಲ್
ಇವತ್ತ ಮುಂಜಾನೆ ಕೊಲ್ಹಾರ ಮಟಾ ಹೋಗಿ ಬಂದೆ, ಎಸಿ ಹಾಕ್ಕೊಂಡ, 80ರಾಗ. ಮುಳ್ಳು ಅರ್ಧಾ ದಾಟಲಿಲ್ಲ, ಎಸಿನೂ ತಂಪಾತು, ಗ್ಯಾಸ್ ತುಂಬಸೂ ಖರ್ಚ ಉಳೀತು. ಇಳಕಲ್ ಅಣ್ಣಾ, ನಿಮ್ಮ ಉಪಕಾರ ಮರಿಯಂಗಿಲ್ಲ.

ಉದ್ಯಮಬಾಗ_66
ಫ್ಯಾನ್ ಸರಿ ಆತು, ಛೊಲೋ ಆತು. ಥರ್ಮೋಸ್ಟಾಟ್ ಮಾತ್ರ ಹಾಕ್ಸ್ರಿ ಸರ, ಅದಿಲ್ದ ಡೀಸೆಲ್ ಎಂಜಿನ್ ಚಳಿಗಾಲದಾಗ ಬಿಸಿ ಹಿಡಿಯಾಕ ಭಾಳ ಹೊತ್ತ ತಗೋತೈತಿ, ಆ್ಯವರೇಜೂ ಬೀಳತೈತಿ.

ನವನಗರ_ಡೀಸೆಲ್
ಹಾಕಸ್ತೀನ್ರಿ. ಹಳೇದು ಡಿಕ್ಕ್ಯಾಗ ಐತಿ, ಮ್ಯಾಲ 88 ಅಂತ ಕೊರದಾರ, ಹೊಸಾದೂ 88 ತಗೋಬೇಕಲ್ರಿ?

ಉದ್ಯಮಬಾಗ_66
88 ಬರೋಬರ್. ರಬ್ಬರ್ ಸೀಲ್ ಹೊಸಾದ ಹಾಕ್ರಿ. ಕೂಲಂಟ್ ಮತ್ತ ತುಂಬೂವಾಗ ಹೀಟರ್ ಫುಲ್ ಇಟ್ಟು ಗಾಳಿ ಗುಳ್ಳಿ ಹೋಗೂ ತನಕ ಎಂಜಿನ್ ಓಡಸ್ರಿ.