ಪದಚರ್ಚೆ: ‘ಕ್ರಾಸ್‌ಲಿಂಕಿಂಗ್’ಗೆ ಕನ್ನಡ ಪದ ಬೇಕು, ನಾಳೆ ಬೆಳಿಗ್ಗೆಯೊಳಗೆ

ತುಮಕೂರಿನಿಂದ:

ಎಲ್ಲರಿಗೂ ನಮಸ್ಕಾರ. ವಸಂತನರಸಾಪುರದ ಒಂದು ಕೇಬಲ್ ಫ್ಯಾಕ್ಟರಿಗೆ ಬೋರ್ಡು ಬರೆದುಕೊಡಬೇಕು. ಜೊತೆಗೆ ಹೊಸದಾಗಿ ಸೇರುವವರಿಗೆ ಒಂದು ಪುಟದ ಕೈಪಿಡಿ. ಬೆಳಿಗ್ಗೆ ಪೇಂಟರ್ ಬರುತ್ತಾರೆ.

ಕೆಲಸ ಇಷ್ಟೇ. ಸೋಲಾರ್ ಕೇಬಲ್ಲನ್ನು ಎಲೆಕ್ಟ್ರಾನ್ ಬೀಮಿನ ಕೆಳಗೆ ಹಾಯಿಸುತ್ತಾರೆ. ಆ ಹೊಡೆತಕ್ಕೆ ಪ್ಲಾಸ್ಟಿಕ್ ಹೊದಿಕೆಯ ಉದ್ದುದ್ದ ಅಣುಸರಪಳಿಗಳಿಂದ ಹೈಡ್ರೋಜನ್ ಕಿತ್ತುಹೋಗುತ್ತದೆ. ಖಾಲಿಯಾದ ಜಾಗದಲ್ಲಿ ಅಕ್ಕಪಕ್ಕದ ಸರಪಳಿಗಳು ಒಂದಕ್ಕೊಂದು ಸೇರಿ ಬಲೆಯಾಗುತ್ತವೆ. ಇದೇ ಕ್ರಾಸ್‌ಲಿಂಕಿಂಗ್. ಆಮೇಲೆ ಎಷ್ಟು ಕಾದರೂ ಕರಗಿ ಹರಿಯುವುದಿಲ್ಲ. ಪಾವಗಡದ ಬಿಸಿಲಲ್ಲಿ ವರ್ಷಗಟ್ಟಲೆ ಬಿದ್ದಿರುವ ಕೇಬಲ್ಲಿಗೆ ಇದು ಬೇಕೇ ಬೇಕು.

ಹೆಡ್ಡಾಫೀಸಿನ ಕರಡಿನಲ್ಲಿ ‘ವಿಕಿರಣಶೀಲ ಅಡ್ಡ-ಸಂಪರ್ಕ ಕೊಠಡಿ’ ಅಂತಿದೆ. ಅದನ್ನು ಓದಿ ಯಾರಾದರೂ ಕೆಲಸಕ್ಕೆ ಬರ್ತಾರಾ?

ಶಿಡ್ಲಘಟ್ಟದಿಂದ:

ಅಡ್ಡಕೊಂಡಿ. ಇದರಲ್ಲಿ ಚರ್ಚೆಗೇನಿದೆ? ಚೇಳಿನ ಬಾಲದ ತುದಿಯದು ಕೊಂಡಿ, ಸರದ ತುದಿಯದೂ ಕೊಂಡಿ. ನಮ್ಮ ಕಡೆ ತೆಲುಗಿನಲ್ಲೂ ಚೇಳಿನದ್ದು ಕೊಂಡಿಯೇ. ಹಳೆಯ ದ್ರಾವಿಡ ಪದ. ‘ಸಂಪರ್ಕ’ ಬಸ್ ಸ್ಟ್ಯಾಂಡಿನ ವಿಚಾರಣೆ ಕೌಂಟರಿಗೆ ಇರಲಿ.

ಕೋಲಾರದಿಂದ:

ಮೇಷ್ಟ್ರೇ, ಕೊಂಡಿ ಅಂದರೆ ಎರಡರ ನಡುವೆ ಮೂರನೆಯದೊಂದು ಇರಬೇಕು. ಟೈರಿನ ರಬ್ಬರಿನಲ್ಲಿ ಹಾಗಿದೆ. ಅಲ್ಲಿ ಸರಪಳಿಗಳ ನಡುವೆ ಗಂಧಕ ಕೂತಿರುತ್ತದೆ. ಗುಡ್‌ಇಯರ್ 1839ರಲ್ಲಿ ಕಂಡುಕೊಂಡದ್ದು ಅದನ್ನೇ. ಬೀಮಿನ ಕೆಳಗೆ ನಡುವೆ ಏನೂ ಬರುವುದಿಲ್ಲ. ಇಂಗಾಲಕ್ಕೆ ಇಂಗಾಲವೇ ನೇರವಾಗಿ ಕೂಡುತ್ತದೆ. ಇಂಗ್ಲೆಂಡಿನ ಹಾರ್ವೆಲ್‌ನಲ್ಲಿ ವಿಜ್ಞಾನಿ ಚಾರ್ಲ್ಸ್‌ಬಿ ಪಾಲಿಥಿನನ್ನು ರಿಯಾಕ್ಟರಿನ ವಿಕಿರಣಕ್ಕೆ ಒಡ್ಡಿ 1952ರಲ್ಲಿ ಬರೆದದ್ದೂ ಇದರ ಬಗ್ಗೆಯೇ. ‘ಅಡ್ಡಬೆಸುಗೆ’ ಸರಿ. ಬೆಸೆ ಅಚ್ಚ ಕನ್ನಡ ಧಾತು, ನಿಮಗೂ ಸಮಾಧಾನ.

ಅದಕ್ಕಿಂತ ಮುಖ್ಯ, ಆ ‘ವಿಕಿರಣಶೀಲ’ವನ್ನು ಮೊದಲು ಅಳಿಸಿ. ಕೋಬಾಲ್ಟ್-60 ಎಂಬ ಲೋಹ ವಿಕಿರಣಶೀಲ, ತಾನಾಗಿಯೇ ವಿಕಿರಣ ಸೂಸುತ್ತಿರುತ್ತದೆ. ಅದನ್ನು ಆರಿಸಲು ಸ್ವಿಚ್ಚಿಲ್ಲ, ಕೆಲಸವಿಲ್ಲದಾಗ ನೀರಿನ ಕೊಳಕ್ಕೆ ಇಳಿಸಿಯೋ ದಪ್ಪ ಕವಚದೊಳಗೆ ಸೇರಿಸಿಯೋ ಇಡುತ್ತಾರೆ. ಎಲೆಕ್ಟ್ರಾನ್ ಯಂತ್ರ ಕರೆಂಟಿನದು. ಸ್ವಿಚ್ ಆರಿಸಿದರೆ ವಿಕಿರಣ ನಿಂತಿತು. ಅದರಡಿ ಹಾದುಬಂದ ಕೇಬಲ್ಲೂ ವಿಕಿರಣಶೀಲ ಆಗುವುದಿಲ್ಲ. ‘ಶೀಲ’ ಅಂದರೆ ಸ್ವಭಾವ. ಅದು ಈ ಕೋಣೆಗಿಲ್ಲ.

ಗೌರಿಬಿದನೂರಿನಿಂದ:

ಸುಮ್ನೆ ‘ಗಟ್ಟಿಗೊಳಿಸುವಿಕೆ’ ಅಂದರೆ ಆಗಲ್ವಾ? ನಮ್ಮದು ಮೋಟರ್ ವೈಂಡಿಂಗ್ ಅಂಗಡಿ. ಬೋರ್‌ವೆಲ್ ಜಾಯಿಂಟಿಗೆ ಹಾಕುವ ಹೀಟ್ ಶ್ರಿಂಕ್ ಸ್ಲೀವ್ ಕೂಡ ಇದೇ ಮಾಲು ಅಂತ ಕಂಪನಿಯವರು ಹೇಳಿದ್ದಾರೆ. ಲೈಟರ್ ಹಿಡಿದರೆ ಸ್ಲೀವು ಸರ‍್ರಂತ ಕುಗ್ಗಿ ತಂತಿಯನ್ನು ಕಚ್ಚಿಕೊಳ್ಳುತ್ತೆ, ತೊಟ್ಟಿಕ್ಕಲ್ಲ. ಮಾಮೂಲಿ ಪ್ಲಾಸ್ಟಿಕ್ ಪೈಪಿಗೆ ಹಾಗೆ ಹಿಡಿದರೆ ಕೈ ಮೇಲೆ ಬೀಳುತ್ತೆ.

ಕೋಲಾರದಿಂದ:

ಸ್ಲೀವಿನ ವಿಷಯ ಸರಿಯಾಗಿ ಹೇಳಿದಿರಿ. ಬೆಸೆದ ಮೇಲೆ ಕಾಯಿಸಿ, ಅಗಲವಾಗಿ ಹಿಗ್ಗಿಸಿ, ಹಾಗೇ ತಣಿಸಿರುತ್ತಾರೆ. ಮತ್ತೆ ಕಾದಾಗ ಒಳಗಿನ ಬಲೆ ಹಳೆಯ ಅಳತೆಗೆ ಎಳೆದುಕೊಳ್ಳುತ್ತದೆ. ಆದರೆ ‘ಗಟ್ಟಿಗೊಳಿಸುವಿಕೆ’ ಬೇಡ. ಎಲ್ಲ ಪ್ಲಾಸ್ಟಿಕ್ಕೂ ಗಟ್ಟಿಯಾಗುವುದಿಲ್ಲ. ಟೆಫ್ಲಾನ್‌ಗೆ ಬೀಮ್ ಕೊಟ್ಟರೆ ಸರಪಳಿ ತುಂಡಾಗಿ ಪುಡಿಪುಡಿ. ಆ ಪುಡಿ ಶಾಯಿಗೆ, ಗ್ರೀಸಿಗೆ ಹೋಗುತ್ತದೆ, ಬೇಕಂತಲೇ ಹಾಗೆ ಮಾಡುತ್ತಾರೆ. ಪಾಲಿಪ್ರೊಪಿಲೀನ್ ಕೂಡ ಸುಲಭವಾಗಿ ಪೆಡಸಾಗುತ್ತದೆ. ಒಂದೇ ಯಂತ್ರ ಬೆಸೆಯಲೂ ಬಹುದು, ಕಡಿಯಲೂ ಬಹುದು.

ಶಿಡ್ಲಘಟ್ಟದಿಂದ:

ಬೆಸುಗೆಗೆ ಒಪ್ಪಿದೆ ಅಂತಲೇ ಇಟ್ಟುಕೊಳ್ಳಿ. ‘ವಿಕಿರಣ’ ಯಾರ ಮನೆಯದು? ಕದಿರು ಇರುವಾಗ ಕಿರಣ ಯಾಕೆ? ‘ಕದಿರ್ಬೆಸುಗೆ’ ಅನ್ನಿ. ಒಂದೇ ಪದ, ಮಹಾಪ್ರಾಣದ ಸುಳಿವಿಲ್ಲ.

ಕೋಲಾರದಿಂದ:

ನಿಮ್ಮೂರಿನಲ್ಲಿ ಕದಿರು ಅಂದರೆ ನೂಲು ಸುತ್ತುವುದಲ್ವಾ? ರೇಷ್ಮೆಯ ಯಾವುದೋ ಹೊಸ ಮೆಷಿನ್ ಅಂದುಕೊಳ್ಳುತ್ತಾರೆ. ‘ವಿಕಿರಣ’ದಲ್ಲೂ ಮಹಾಪ್ರಾಣ ಇಲ್ಲ, ಎಣಿಸಿ ನೋಡಿ.

ಶಿಡ್ಲಘಟ್ಟದಿಂದ:

ಮಾತು ಹಾರಿಸಬೇಡಿ. ಇವತ್ತು ವಿಕಿರಣ, ನಾಳೆ ರೇಡಿಯೇಶನ್. ಆಮೇಲೆ ಕನ್ನಡದಲ್ಲಿ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಗೌರಿಬಿದನೂರಿನಿಂದ:

ಪ್ರತ್ಯಯ ಉಳಿದರೆ ಸಾಲದಾ ಸಾರ್? ಚಾವಿ ಪೋರ್ಚುಗೀಸರದ್ದು, ಕುರ್ಚಿ ಅರಬ್ಬಿಯದ್ದು. ಅದರ ಮೇಲೇ ಕೂತು ನೀವು ಇದನ್ನು ಬರೀತಿದ್ದೀರಿ.

ಶಿಡ್ಲಘಟ್ಟದಿಂದ:

ನಾನು ಚಾಪೆ ಮೇಲೆ ಕೂತಿದ್ದೇನೆ.

ತುಮಕೂರಿನಿಂದ:

ಮೇಷ್ಟ್ರೇ, ಮೇಡಂ, ದಯವಿಟ್ಟು. ಶಿಫ್ಟಿನ ಹುಡುಗರನ್ನೇ ಕೇಳಿ ಬಂದೆ. ಶಿರಾ, ಗುಬ್ಬಿ, ಮಧುಗಿರಿ ಕಡೆಯವರು. ‘ಬೆಸುಗೆ ಕೋಣೆ’ ಅಂದರೆ ವೆಲ್ಡಿಂಗ್ ಶೆಡ್ಡು ಅಂದುಕೊಂಡರು. ‘ಅಡ್ಡಕೊಂಡಿ’ ಅಂದರೆ ಬಾಗಿಲ ಚಿಲಕ ತೋರಿಸಿದರು. ಅವರು ಅದನ್ನು ಕರೆಯುವುದು ‘ಬೀಮ್ ರೂಮು’ ಅಂತ. ಹಾಗಾಗಿ ಬೋರ್ಡಿಗೆ ಇದನ್ನು ಕೊಡ್ತಿದ್ದೇನೆ:

‘ಎಲೆಕ್ಟ್ರಾನ್ ಬೀಮ್ ಕೊಠಡಿ. ವಿಕಿರಣ ಅಪಾಯ. ಕೆಂಪು ದೀಪ ಉರಿಯುತ್ತಿರುವಾಗ ಒಳಗೆ ಹೋಗಬೇಡಿ. ದೀಪ ಆರಿದ ಮೇಲೂ ಓಝೋನ್ ಗಾಳಿ ಹೊರಹೋಗುವ ತನಕ ಕಾಯಿರಿ.’

ಕೊನೆಯ ಸಾಲು ಕರಡಿನಲ್ಲಿ ಇರಲೇ ಇಲ್ಲ. ಬೀಮ್ ಗಾಳಿಯಲ್ಲಿ ಹಾಯುವಾಗ ಓಝೋನ್ ಹುಟ್ಟುತ್ತದೆ, ಮೂಗಿಗೆ ಘಾಟು ಹೊಡೆಯುತ್ತದೆ, ಎದೆಗೂ ಒಳ್ಳೆಯದಲ್ಲ. ಕೈಪಿಡಿಯಲ್ಲಿ ಚಿತ್ರ ಹಾಕಿ ‘ಅಡ್ಡಬೆಸುಗೆ’ ಅಂತ ಬರೆಯುತ್ತೇನೆ, ಪಕ್ಕದಲ್ಲೇ ‘ಕ್ರಾಸ್‌ಲಿಂಕಿಂಗ್’ ಕೂಡ.

ಶಿಡ್ಲಘಟ್ಟದಿಂದ:

ಬೋರ್ಡಿಗೆ ಬೀಮು, ರೂಮು ಸಾಕು ಅನ್ನುವುದಾದರೆ ನಮ್ಮನ್ನು ಯಾಕೆ ಕೇಳಿದಿರಿ? ‘ಓಝೋನ್’ಗೆ ಮಹಾಪ್ರಾಣ ಬೇಡ, ‘ಓಜೋನ್’ ಸಾಕು. ಪೇಂಟರ್‌ಗೆ ಹೇಳಿ.