ವರ್ಚುವಲ್ ಕ್ಯಾಂಪಸ್ ಕಟ್ಟಿಸಬೇಕಂತೆ, ನಿಜಕ್ಕೂ ಉಪಯೋಗ ಇದೆಯಾ?

ಟ್ರೈನಿಂಗ್_ಮೇಷ್ಟ್ರು:
ಹೊಸಬರಿಗೆ ಯಂತ್ರಗಳ ಸುರಕ್ಷತೆ ಹೇಳಿಕೊಡುವುದು ನನ್ನ ಕೆಲಸ. ಈಗ ಮೇಲಿನವರಿಗೆ ವರ್ಚುವಲ್ ಕ್ಯಾಂಪಸ್ ಬೇಕಂತೆ. ಆಫೀಸು ಹೇಗಿದೆಯೋ ಹಾಗೇ ಕಂಪ್ಯೂಟರಿನೊಳಗೆ ಕಟ್ಟಿಸಿ, ಎಲ್ಲರೂ ಅವತಾರ್ (ಪರದೆಯ ಮೇಲಿನ ನಮ್ಮ ಗೊಂಬೆ) ಆಗಿ ಬಂದು ಕೂತು ಪಾಠ ಕೇಳಬೇಕಂತೆ. ವೀಡಿಯೊ ಕಾಲ್‌ನಲ್ಲಿ ಆಗದ್ದು ಇದರಲ್ಲೇನು ಆಗುತ್ತದೆ? ಮಾಡಿ ನೋಡಿದವರು ಹೇಳಿ.

ಹಳೇ_ಅವತಾರ್:
ಸೆಕೆಂಡ್ ಲೈಫ್ ಅನ್ನುವ ಆನ್‌ಲೈನ್ ತ್ರೀಡಿ ಲೋಕದಲ್ಲಿ ವರ್ಷಗಟ್ಟಲೆ ತರಗತಿಗಳನ್ನು ಕಟ್ಟಿಕೊಟ್ಟವನು ನಾನು. ಸುಮ್ನೆ ಕೂತು ಕೇಳುವ ಪಾಠಕ್ಕಾದರೆ ಬೇಡ.

ಸೆಕೆಂಡ್ ಲೈಫ್ ಶುರುವಾದದ್ದು 2003ರಲ್ಲಿ. 2006–07ರ ಹೊತ್ತಿಗೆ ದೊಡ್ಡ ದೊಡ್ಡವರೆಲ್ಲ ಅಲ್ಲಿ ಜಾಗ ಹಿಡಿದಿದ್ದರು. ಸುದ್ದಿಸಂಸ್ಥೆ ರಾಯಿಟರ್ಸ್ ವರದಿಗಾರನನ್ನು ಕೂರಿಸಿತ್ತು, ಸ್ವೀಡನ್ ರಾಯಭಾರ ಕಚೇರಿ ತೆರೆದಿತ್ತು. ಬಟ್ಟೆ ಕಂಪನಿ ಅಮೆರಿಕನ್ ಅಪಾರೆಲ್ ಅಂಗಡಿ ಹಾಕಿ ಮರುವರ್ಷವೇ ಮುಚ್ಚಿತು. ಎಷ್ಟೋ ಕಡೆ ಕಟ್ಟಡ ಭರ್ಜರಿ, ಒಳಗೆ ಹೋದರೆ ಮಾಡಲು ಏನೂ ಇಲ್ಲ.

ಆಫೀಸನ್ನು ಅಳತೆ ಹಿಡಿದು ಹಾಗೇ ಕಟ್ಟಿಸಿದರೆ ಇನ್ನೊಂದು ಪೀಕಲಾಟ. ಅಲ್ಲಿ ಕ್ಯಾಮೆರಾ ಅವತಾರ್‌ನ ಬೆನ್ನ ಹಿಂದೆ, ತಲೆಗಿಂತ ಮೇಲೆ ಇರುತ್ತದೆ. ಮಾಮೂಲಿ ಎತ್ತರದ ಕೋಣೆಯಾದರೆ ಸೂರಿಗೂ ಗೋಡೆಗೂ ತಾಗುತ್ತಲೇ ಇರುತ್ತದೆ. ಸೂರು ಎತ್ತರಿಸಬೇಕು, ಬಾಗಿಲು ಅಗಲಿಸಬೇಕು. ಅಸಲಿಗೆ ಸೂರಾದರೂ ಯಾಕೆ? ಮಳೆ ಬರುವುದಿಲ್ಲವಲ್ಲ! ಜನ ಜಾಸ್ತಿಯಾದರೆ ಎಲ್ಲ ನಿಧಾನವಾಗುತ್ತದೆ. ಅಲ್ಲಿನ ಒಂದು ರೀಜನ್, ಅಂದರೆ ಜಾಗದ ಒಂದು ತುಂಡು, 256 ಮೀಟರ್ ಚೌಕ, ಅದರಲ್ಲಿ ಇಂತಿಷ್ಟೇ ಜನ. ಅದಕ್ಕೇ ಜನ ನಾಲ್ಕು ಕಡೆ ಹಂಚಿಹೋಗಲಿ ಅಂತ ದೊಡ್ಡ ಸಭೆಗೆ ನಾಲ್ಕು ರೀಜನ್ ಕೂಡುವ ಮೂಲೆಯಲ್ಲಿ ವೇದಿಕೆ ಹಾಕುತ್ತಿದ್ದೆವು.

ನಿಮ್ಮದು ಯಂತ್ರ ಅಲ್ವಾ? ಹಾಗಾದರೆ ಕಟ್ಟಡ ಬಿಡಿ, ಒಂದೇ ಒಂದು ಯಂತ್ರ ಮಾಡಿಸಿ. ಕರೆಂಟ್ ತೆಗೆದು, ಬೀಗ ಹಾಕಿ, ಟ್ಯಾಗ್ ಕಟ್ಟಿ, ಸ್ಟಾರ್ಟ್ ಗುಂಡಿ ಒತ್ತಿ ನೋಡಿ, ಆಮೇಲೆ ಕೈ ಹಾಕುವ ಕ್ರಮ ಇದೆಯಲ್ಲ, ಅದನ್ನು ಅವರ ಕೈಯಲ್ಲೇ ಮಾಡಿಸಿ. ಬೀಗ ಹಾಕುವುದನ್ನು ಬಿಟ್ಟರೆ ಯಂತ್ರ ತಿರುಗಬೇಕು. ಸ್ಲೈಡ್ ತೋರಿಸಿದರೆ ಎಲ್ಲರೂ ಹ್ಞೂಂ ಅನ್ನುತ್ತಾರೆ. ಗುಂಡಿ ಒತ್ತಿ ನೋಡುವುದನ್ನು ಎಷ್ಟು ಜನ ಮರೆತರು ಅನ್ನುವುದು ಇಲ್ಲಿ ಕಾಣುತ್ತದೆ, ಯಾರ ಬೆರಳೂ ಹೋಗದೆ.

ಸಿಮ್ಯುಲೇಟರ್_ಪ್ರಿಯ:
ವಾಲ್‌ಮಾರ್ಟ್ 2018ರಲ್ಲಿ ಅಮೆರಿಕದ ತನ್ನ ಅಂಗಡಿಗಳಿಗೆ 17,000 ವಿಆರ್ ಹೆಡ್‌ಸೆಟ್ (ಕಣ್ಣಿಗೆ ಕಟ್ಟಿಕೊಳ್ಳುವ ಪರದೆ) ಕೊಡುತ್ತೇವೆ ಎಂದದ್ದು ಸಿಬ್ಬಂದಿಯ ಇಂಥ ತರಬೇತಿಗೇ. ಒಂದು ವಿಷಯ ನೆನಪಿರಲಿ. ಹೆಡ್‌ಸೆಟ್ ಹಾಕಿಸಿ ಜಾಯ್‌ಸ್ಟಿಕ್‌ನಲ್ಲಿ ನಡೆಸಿದರೆ ಕೆಲವರಿಗೆ ವಾಕರಿಕೆ ಬರುತ್ತದೆ. ಕಣ್ಣಿಗೆ ನಡೆದಂತೆ ಕಾಣುತ್ತದೆ, ಮೈ ಮಾತ್ರ ನಿಂತಲ್ಲೇ ಇರುತ್ತದೆ. ನಡೆಸುವ ಬದಲು, ತೋರಿಸಿದ ಜಾಗಕ್ಕೆ ಒಮ್ಮೆಗೇ ಹೋಗುವ ಟೆಲಿಪೋರ್ಟ್ ಇಡಿಸಿ.

ಬ್ಯಾಕಪ್_ಬೇಕು:
ಕಟ್ಟಿದ್ದು ನಾಳೆ ನಿಮ್ಮ ಕೈಯಲ್ಲಿ ಇರುತ್ತದಾ ಅಂತ ಮೊದಲು ಕೇಳಿ. ಜನ ಅವತಾರ್ ಆಗಿ ಸೇರುತ್ತಿದ್ದ ಆಲ್ಟ್‌ಸ್ಪೇಸ್‌ವಿಆರ್ 2023ರ ಮಾರ್ಚ್‌ನಲ್ಲಿ ಮುಚ್ಚಿತು. ಅಂಥದ್ದೇ ಹಬ್ಸ್ ಸೇವೆಯನ್ನು ಮೊಜಿಲ್ಲಾ 2024ರ ಮೇನಲ್ಲಿ ನಿಲ್ಲಿಸಿತು. ಹಬ್ಸ್‌ನ ಕೋಡ್ ಓಪನ್ ಸೋರ್ಸ್ (ಯಾರು ಬೇಕಾದರೂ ಬಳಸಬಹುದಾದದ್ದು) ಆದ್ದರಿಂದ ಸ್ವಂತ ಸರ್ವರ್‌ನಲ್ಲಿ ಮುಂದುವರಿಸುವ ದಾರಿಯಾದರೂ ಇತ್ತು. ತ್ರೀಡಿ ಮಾಡೆಲ್‌ಗಳ ಮೂಲ ಫೈಲ್ ನಿಮಗೇ ಕೊಡಬೇಕು ಅಂತ ಕರಾರಿನಲ್ಲೇ ಬರೆಸಿ.

ಟ್ರೈನಿಂಗ್_ಮೇಷ್ಟ್ರು:
ಹಾಗಾದರೆ ಒಂದು ಕನ್ವೇಯರ್ ಸಾಕು ಅಂತ ಕೇಳಿ ನೋಡುತ್ತೇನೆ. ಹೆಡ್‌ಸೆಟ್ ಬೇಕೇ ಬೇಕಾ?

ಹಳೇ_ಅವತಾರ್:
ಯಾವುದಾದ ಮೇಲೆ ಯಾವುದು ಅಂತ ಕಲಿಯಲು ಸ್ಕ್ರೀನ್, ಮೌಸ್ ಸಾಕು. ಎಲ್ಲಿ ನಿಲ್ಲಬೇಕು, ಎಷ್ಟು ಹತ್ತಿರ ಹೋಗಬಾರದು ಅನ್ನುವುದಕ್ಕೆ ಹೆಡ್‌ಸೆಟ್ ಒಳ್ಳೆಯದು. ಎರಡರಲ್ಲಿ ಯಾವುದೇ ಆಗಲಿ, ಪಾಸ್ ಅಂತ ಬರೆಯುವ ಮೊದಲು ನಿಜವಾದ ಯಂತ್ರದ ಮುಂದೆ ಒಮ್ಮೆ ಮಾಡಿಸಿ.